'ಅವರ್ ಡೇ ಔಟ್': ಬ್ರಿಗ್ಸ್ ಆ ಫಿಲ್ಮ್ ಸುರುಳಿಯನ್ನು ಹಾಳುಮಾಡಿದ್ದೇಕೆ?

ಪ್ರಶ್ನೆ: ಹಳೆಯಪರದೆ

ಬಿಬಿಸಿ 2 ವಾಹಿನಿಯಲ್ಲಿ 1977ರ ಡಿಸೆಂಬರ್ 28ರಂದು ಮೊದಲ ಬಾರಿಗೆ ಪ್ರಸಾರವಾದ 'ಅವರ್ ಡೇ ಔಟ್' ಟೆಲಿನಾಟಕವನ್ನು ಇತ್ತೀಚೆಗೆ ಮತ್ತೆ ನೋಡಿದೆ. ವಿಲಿ ರಸೆಲ್ ಬರೆದು ಪೆಡರ್ ಜೇಮ್ಸ್ ನಿರ್ದೇಶಿಸಿದ ಈ ನಾಟಕದಲ್ಲಿ, ಓದುಬರಹದಲ್ಲಿ ಹಿಂದುಳಿದವರೆಂದು ಬೇರೆ ತರಗತಿಗೆ ಹಾಕಲ್ಪಟ್ಟ ಲಿವರ್‌ಪೂಲಿನ ಬಡ ಮಕ್ಕಳು ತಮ್ಮ ಶಿಕ್ಷಕಿ ಮಿಸೆಸ್ ಕೇ ಜೊತೆ ಒಂದು ದಿನದ ಮಟ್ಟಿಗೆ ಉತ್ತರ ವೇಲ್ಸ್‌ಗೆ ಹೋಗಿಬರುತ್ತಾರೆ. ಅವರನ್ನು ಹದ್ದುಬಸ್ತಿನಲ್ಲಿಡಲೆಂದು ಮುಖ್ಯೋಪಾಧ್ಯಾಯರು ಹೊರಡುವ ಹೊತ್ತಿಗೆ ಬ್ರಿಗ್ಸ್ ಎಂಬ ಕಟ್ಟುನಿಟ್ಟಿನ ಮೇಷ್ಟರನ್ನೂ ಬಸ್ಸು ಹತ್ತಿಸುತ್ತಾರೆ. ಮೃಗಾಲಯ, ಕಾನ್ವಿ ಕೋಟೆ, ಕಡಲತೀರ ಎಲ್ಲವೂ ಮುಗಿದು ಹೊರಡುವ ಸಮಯದಲ್ಲಿ ಕ್ಯಾರೊಲ್ ಎಂಬ ಹುಡುಗಿ ಕಡಿದಾದ ಬಂಡೆಯ ಅಂಚಿಗೆ ಹೋಗಿ ನಿಂತು, ತಾನು ಮನೆಗೆ ಮರಳುವುದಿಲ್ಲ ಎನ್ನುತ್ತಾಳೆ. ಅವಳನ್ನು ಹಿಂದಕ್ಕೆ ಕರೆತರುವ ಬ್ರಿಗ್ಸ್, ಆ ಬಳಿಕ ಎಲ್ಲರನ್ನೂ ತಾನೇ ಜಾತ್ರೆಯ ಮೈದಾನಕ್ಕೆ ಕರೆದೊಯ್ದು ಮಕ್ಕಳೊಂದಿಗೆ ಮಗುವಾಗಿ ನಗುತ್ತಾನೆ. ಮಿಸೆಸ್ ಕೇ ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುತ್ತಾಳೆ. ಊರಿಗೆ ಮರಳುವಾಗ ಬ್ರಿಗ್ಸ್, ತಾನೇ ಚಿತ್ರಗಳನ್ನು ತೊಳೆಸಿ ಕೊಡುವುದಾಗಿ ಹೇಳಿ ಸುರುಳಿಯನ್ನು ಪಡೆದುಕೊಳ್ಳುತ್ತಾನೆ; ಲಿವರ್‌ಪೂಲ್ ತಲುಪಿದ ಮೇಲೆ ಅದನ್ನು ಬೆಳಕಿಗೆ ಒಡ್ಡಿ ಹಾಳುಮಾಡುತ್ತಾನೆ.

ನಗರದ ಮಗು ಹಸಿರನ್ನು ಕಂಡು ಬದಲಾಗಿ ಮರಳುವ ಕಥೆಗಳು ನಮಗೆ ಹೊಸತಲ್ಲ. ಇಲ್ಲಿ ಬದಲಾಗುವವನು ಮೇಷ್ಟ್ರು, ಮತ್ತು ಅವನೇ ಆ ಬದಲಾವಣೆಯ ಗುರುತನ್ನು ಅಳಿಸುತ್ತಾನೆ. ಇದನ್ನು ಕೇವಲ ಹೇಡಿತನವೆಂದು ಓದಬೇಕೆ? ಹಾಗೆ ಓದಿದರೆ ನಾಟಕ ಚಿಕ್ಕದಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ.

ಉತ್ತರ: ದಡದದಾರಿ

ಹಳೆಯಪರದೆಯವರೇ, ನಿಮ್ಮ ಪ್ರಶ್ನೆಗೆ ಉತ್ತರವನ್ನು ಬಂಡೆಯ ಮೇಲಿನ ದೃಶ್ಯದಲ್ಲಿಯೇ ಹುಡುಕಬೇಕು. ಬ್ರಿಗ್ಸ್ ಅಲ್ಲಿಗೆ ಬಂದಾಗ ಅವನ ಕೈಯಲ್ಲಿರುವುದು ಗದರಿಕೆಯೊಂದೇ. ಆದರೆ ಅಂಚಿನಲ್ಲಿ ನಿಂತವಳ ಮುಂದೆ ಶಾಲೆಯ ಯಾವ ಶಿಕ್ಷೆಗೂ ಬೆಲೆಯಿಲ್ಲ. ತನ್ನನ್ನು ಅವನಿಗೆ ಇಷ್ಟವೇ ಇಲ್ಲವೆಂದು ಕ್ಯಾರೊಲ್ ನೇರವಾಗಿ ಹೇಳಿಬಿಡುತ್ತಾಳೆ. ಅವಳ ಆಸೆ ದೊಡ್ಡದೇನಲ್ಲ: ತೋಟವಿರುವ ಮನೆಗಳಿರುವ ಇಂಥ ಜಾಗದಲ್ಲಿ ತಾನೂ ಇರಬೇಕು, ಅಷ್ಟೆ. ಅಂಥ ಬದುಕು ತನಗೆ ಸಿಗುವುದಿಲ್ಲವೆಂಬುದೂ ಅವಳಿಗೆ ಗೊತ್ತು. ಚೆನ್ನಾಗಿ ಓದಿದರೆ ಎಲ್ಲವೂ ಸಾಧ್ಯ ಎಂಬ ಮಾತನ್ನು ಅವಳೆದುರು ಆಡಲು ಬ್ರಿಗ್ಸ್‌ಗೂ ಬಾಯಿ ಬರುವುದಿಲ್ಲ. ಆಗ ಅವನಿಗೆ ಉಳಿಯುವುದು ಒಂದು ನಗು ಮಾತ್ರ. ಅಲನ್ ಆರ್ಮ್‌ಸ್ಟ್ರಾಂಗ್ ಆ ನಗುವನ್ನು ಅಭಿನಯಿಸಿದ ರೀತಿಯನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಅದುವರೆಗೆ ಬಿಗಿದುಕೊಂಡೇ ಇದ್ದ ಮುಖ ಅಲ್ಲಿ ಒಮ್ಮೆಲೇ ಸಡಿಲವಾಗುವುದಿಲ್ಲ; ನಗುವುದನ್ನು ಮರೆತವನು ಅದನ್ನು ಪ್ರಯತ್ನಪೂರ್ವಕವಾಗಿ ನೆನಪಿಸಿಕೊಳ್ಳುವ ಹಾಗೆ ಕಾಣುತ್ತದೆ.

ಹಾಗಾದರೆ ಆ ಚಿತ್ರಗಳು ಅವನಿಗೆ ಏಕೆ ಬೇಡವಾದವು? ಸಹೋದ್ಯೋಗಿಗಳು ನೋಡಿ ನಕ್ಕಾರು ಎಂಬ ಅಂಜಿಕೆ ಮೇಲ್ನೋಟದ ಕಾರಣ ಮಾತ್ರ. ಚಿತ್ರದಲ್ಲಿರುವ ಬ್ರಿಗ್ಸ್ ನಿಜವಾದರೆ, ಇಷ್ಟು ವರ್ಷ ತರಗತಿಯಲ್ಲಿ ನಿಂತಿದ್ದ ಬ್ರಿಗ್ಸ್ ಅನಗತ್ಯವಾಗಿ ಕಠೋರನಾಗಿದ್ದ ಎಂದಾಗುತ್ತದೆ, ಮತ್ತು ನಾಳೆಯಿಂದ ಕ್ಯಾರೊಲ್ ಅವನಿಂದ ಇನ್ನೊಂದು ಬಗೆಯ ನಡತೆಯನ್ನು ನಿರೀಕ್ಷಿಸುವುದು ನ್ಯಾಯವಾಗುತ್ತದೆ. ಅವನು ಹಾಳುಮಾಡಿದ್ದು ಆ ನಿರೀಕ್ಷೆಯನ್ನು. ಹೇಡಿತನ ಎಂಬ ಮಾತನ್ನು ನಾನು ಕೈಬಿಡುವುದಿಲ್ಲ. ಆದರೆ ಅದು ತನ್ನ ನಗುವಿನ ಬಗೆಗಿನ ಹೇಡಿತನವಲ್ಲ, ಆ ಮಗುವಿಗೆ ಸಲ್ಲಬೇಕಾದ ಹೊಣೆಯ ಬಗೆಗಿನ ಹೇಡಿತನ.

ಉತ್ತರ: ಬಂದರುಕಟ್ಟೆ

ದಡದದಾರಿಯವರ ಓದು ನನಗೆ ಒಪ್ಪಿಗೆ. ಆದರೆ ಬ್ರಿಗ್ಸ್‌ನ ಮನಸ್ಸನ್ನಷ್ಟೇ ನೋಡುತ್ತ ಹೋದರೆ ಊರು ಮರೆಯಾಗುತ್ತದೆ. ರಸೆಲ್ ಸ್ವತಃ ಲಿವರ್‌ಪೂಲಿನ ಡಿಂಗಲ್ ಪ್ರದೇಶದ ಶಾಲೆಯೊಂದರಲ್ಲಿ ಪಾಠ ಹೇಳಿದವರು. ಈ ಮಕ್ಕಳು ಅವರು ಕಂಡ ಮಕ್ಕಳು. 1931ರಲ್ಲಿ ಸುಮಾರು ಎಂಟೂವರೆ ಲಕ್ಷವಿದ್ದ ನಗರದ ಜನಸಂಖ್ಯೆ 1981ರ ವೇಳೆಗೆ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು. ತಲೆಮಾರುಗಳಿಗೆ ಕೂಲಿ ಕೊಟ್ಟಿದ್ದ ದಕ್ಷಿಣದ ಹಡಗುಕಟ್ಟೆಗಳು 1972ರಲ್ಲಿ ಮುಚ್ಚಿದವು. ನಾಟಕ ಪ್ರಸಾರವಾದ ಕೆಲವೇ ತಿಂಗಳಲ್ಲಿ, 1978ರಲ್ಲಿ, ಸ್ಪೀಕ್‌ನ ಟ್ರಯಂಫ್ ಕಾರು ಕಾರ್ಖಾನೆಯೂ ಬಾಗಿಲು ಹಾಕಿತು. ಇತ್ತ ಕಡ್ಡಾಯ ಶಾಲಾ ವಯಸ್ಸನ್ನು 1972ರಲ್ಲಿ 16ಕ್ಕೆ ಏರಿಸಲಾಗಿತ್ತು. ಅಂದರೆ ಹೊರಗೆ ಕೆಲಸ ಕರಗುತ್ತಿದ್ದ ಹೊತ್ತಿನಲ್ಲಿಯೇ ಈ ಮಕ್ಕಳನ್ನು ಶಾಲೆಯೊಳಗೆ ಇನ್ನೊಂದು ವರ್ಷ ಕೂರಿಸಲಾಯಿತು.

ಮಿಸೆಸ್ ಕೇ ಬ್ರಿಗ್ಸ್‌ನೊಂದಿಗೆ ವಾದಿಸುವಾಗ ಹೇಳುವುದು ಇದನ್ನೇ: ಹಿಂದೆ ಇಂಥವರಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದರೆ ಕಾರ್ಖಾನೆಯ ಕೆಲಸವಾದರೂ ಸಿಗುತ್ತಿತ್ತು, ಈಗ ಅದೂ ಇಲ್ಲ, ಆದ್ದರಿಂದ ಒಂದು ಒಳ್ಳೆಯ ದಿನವನ್ನಾದರೂ ಕೊಡೋಣ. ಡಿಂಗಲ್‌ಗೆ ಹೊಂದಿಕೊಂಡಿರುವ ಟಾಕ್ಸ್‌ಟೆತ್ 1981ರ ಜುಲೈನಲ್ಲಿ ಗಲಭೆಯಿಂದ ಹೊತ್ತಿ ಉರಿದಾಗ, ಈ ಕಥೆಯ ಮಕ್ಕಳ ವಯಸ್ಸಿನವರು ಶಾಲೆ ಬಿಟ್ಟು ಬೀದಿಯಲ್ಲಿದ್ದರು ಎಂಬುದನ್ನು ನೆನೆದರೆ ಆ ವಾದದ ತೂಕ ತಿಳಿಯುತ್ತದೆ.

ಇನ್ನೊಂದು ಮಾತು. ಲಿವರ್‌ಪೂಲಿನ ಮಕ್ಕಳಿಗೆ ಉತ್ತರ ವೇಲ್ಸ್ ಅಪರಿಚಿತ ಹಳ್ಳಿಗಾಡಲ್ಲ. 1939ರಲ್ಲಿ ಬಾಂಬು ದಾಳಿಯ ಭಯದಿಂದ ಅನೇಕರನ್ನು ಅಲ್ಲಿಗೇ ಕಳುಹಿಸಲಾಗಿತ್ತು. ಯುದ್ಧದ ನಂತರವೂ ನಗರದ ಶಾಲೆಗಳು ಮೋಲ್ಡ್ ಬಳಿಯ ಕೊಲೊಮೆಂಡಿ ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುತ್ತಿದ್ದವು. ಅದೇ ನಗರ ತನ್ನ ನೀರಿಗಾಗಿ ಟ್ರಿವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು 1965ರಲ್ಲಿ ಮುಳುಗಿಸಿತು. ಆದ್ದರಿಂದ ಕ್ಯಾರೊಲ್ ಆಸೆಪಟ್ಟ ಆ ಪ್ರದೇಶಕ್ಕೂ ತನ್ನದೇ ಆದ ನೋವಿದೆ.

ಉತ್ತರ: ಕೊನೆಯಬೆಂಚು

ಟ್ರಿವೆರಿನ್‌ನ ಕಥೆ ನಿಜ, ಆದರೆ ನಾಟಕ ಅದರತ್ತ ತಿರುಗಿಯೂ ನೋಡುವುದಿಲ್ಲ. ಹದಿಮೂರರ ಹುಡುಗಿಯ ಆಸೆಯ ಮೇಲೆ ಆ ಭಾರವನ್ನು ಹೊರಿಸುವುದು ಬೇಡವೆಂದು ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಮಿಸೆಸ್ ಕೇ ಕುರಿತು. ಜೀನ್ ಹೇವುಡ್ ಆ ಪಾತ್ರಕ್ಕೆ ಎಷ್ಟು ವಾತ್ಸಲ್ಯ ತುಂಬಿದ್ದಾರೆಂದರೆ, ಅವಳು ಈ ಮಕ್ಕಳ ಭವಿಷ್ಯವನ್ನು ಆಗಲೇ ಕೈಬಿಟ್ಟಿದ್ದಾಳೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಬ್ರಿಗ್ಸ್‌ಗೆ ಮಕ್ಕಳ ಮೇಲೆ ಪ್ರೀತಿಯಿಲ್ಲ, ಆದರೆ ಅವರು ಕಲಿಯಬಲ್ಲರೆಂಬ ನಂಬಿಕೆಯ ಚೂರು ಉಳಿದಿದೆ. ಮೃಗಾಲಯದಲ್ಲಿ ಪ್ರಾಣಿಗಳ ಬಗ್ಗೆ ಉತ್ಸಾಹದಿಂದ ವಿವರಿಸುವುದು ಅವನೇ.

ಹಳೆಯಪರದೆ

ಎಲ್ಲರಿಗೂ ಧನ್ಯವಾದಗಳು. ಕೊನೆಯಬೆಂಚಿನವರು ಮೃಗಾಲಯವನ್ನು ಎತ್ತಿದ್ದು ಒಳ್ಳೆಯದಾಯಿತು. ಹೊಂಡದಲ್ಲಿ ಕೂಡಿಹಾಕಿದ ಕರಡಿಯನ್ನು ಕುರಿತ ಮಾತುಕತೆಯಲ್ಲಿ, ಅದು ಸೆರೆಯಲ್ಲಿಯೇ ಹುಟ್ಟಿದ್ದರಿಂದ ಅದಕ್ಕೆ ಬೇರೆ ಬದುಕು ಗೊತ್ತಿಲ್ಲ ಎಂದು ಬ್ರಿಗ್ಸ್ ಹೇಳಿದಾಗ ಹುಡುಗನೊಬ್ಬ ಅದನ್ನು ಒಪ್ಪುವುದಿಲ್ಲ. ಬಂಡೆಯ ಮೇಲೆ ಕ್ಯಾರೊಲ್ ಆಡುವುದು ಅದೇ ವಾದದ ಮುಂದುವರಿಕೆ ಎಂದು ಈಗ ಕಾಣುತ್ತಿದೆ. ಮೃಗಾಲಯದಲ್ಲಿ ಬ್ರಿಗ್ಸ್ ಪಾಠ ಹೇಳಿ ಮುಂದೆ ನಡೆದ. ಬಂಡೆಯ ಮೇಲೆ ಹಾಗೆ ಮಾಡಲಾಗಲಿಲ್ಲ. ರಂಗರೂಪದಲ್ಲಿಯೂ ಈ ಬಿಗಿ ಉಳಿದಿದೆಯೇ?

ದಡದದಾರಿ

1983ರಲ್ಲಿ ಲಿವರ್‌ಪೂಲಿನ ಎವರಿಮನ್ ರಂಗಮಂದಿರದಲ್ಲಿ ಇದು ಸಂಗೀತ ನಾಟಕವಾಗಿ ಬಂತು; 2009ರಲ್ಲಿ ಅದೇ ನಗರದ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಪರಿಷ್ಕೃತ ರೂಪವೂ ಪ್ರದರ್ಶನಗೊಂಡಿತು. ಹಾಡುಗಳು ಮಕ್ಕಳಿಗೆ ದೊಡ್ಡ ದನಿಯನ್ನು ಕೊಡುತ್ತವೆ, ಶಾಲಾ ತಂಡಗಳಿಗೂ ಆ ರೂಪವೇ ಅನುಕೂಲ. ಆದರೂ ನನಗೆ ಟೆಲಿನಾಟಕವೇ ಮೇಲು. ಕ್ಯಾರೊಲ್ ತನ್ನ ಆಸೆಯನ್ನು ಹಾಡಿದಾಗ ಪ್ರೇಕ್ಷಕರೆಲ್ಲರೂ ಅವಳ ಪಕ್ಷಕ್ಕೆ ಬಂದುಬಿಡುತ್ತಾರೆ. ತೆರೆಯ ಮೇಲೆ ಅವಳು ಅದನ್ನು ಬರಿಯ ಮಾತಿನಲ್ಲಿ, ಕೇಳಲು ಮನಸ್ಸಿಲ್ಲದ ಒಬ್ಬನ ಮುಂದೆ ಹೇಳಬೇಕಾಗುತ್ತದೆ.