125 ಕೆಲ್ವಿನ್‌ನ ಶೃಂಗ: ವೆರ್ವೆ ಪರಿವರ್ತನೆಯೋ, ಬ್ಲಾಕಿಂಗ್ ತಾಪಮಾನವೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕಬ್ಬಿಣದ ಕ್ಲೋರೈಡ್ ಲವಣಗಳ ದ್ರಾವಣಕ್ಕೆ ಅಮೋನಿಯಾ ಬೆರೆಸಿ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ನ್ಯಾನೊಕಣಗಳನ್ನು ತಯಾರಿಸಿದ್ದೇನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಸರಾಸರಿ ವ್ಯಾಸ 10 ನ್ಯಾನೊಮೀಟರ್ ಇದೆ. ಹಿಸ್ಟೆರೆಸಿಸ್ ಕುಣಿಕೆ (ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತತ್ವ ಬದಲಾಗುವ ರೇಖೆ) 300 ಕೆಲ್ವಿನ್‌ನಲ್ಲಿ ಮುಚ್ಚಿಕೊಂಡಿರುತ್ತದೆ, 5 ಕೆಲ್ವಿನ್‌ನಲ್ಲಿ ತೆರೆದುಕೊಳ್ಳುತ್ತದೆ, ಇದು ನಿರೀಕ್ಷಿತವೇ. ಆದರೆ ಪುಡಿಯನ್ನು ಕಾಂತಕ್ಷೇತ್ರವಿಲ್ಲದೆ ತಣಿಸಿ, ಬಳಿಕ 100 ಅರ್ಸ್ಟೆಡ್ ಕ್ಷೇತ್ರದಲ್ಲಿ ಬಿಸಿಮಾಡುತ್ತ ಕಾಂತತ್ವವನ್ನು ಅಳೆದಾಗ, 125 ಕೆಲ್ವಿನ್ ಬಳಿ ಗುಡ್ಡದಂತೆ ಅಗಲವಾದ ಶೃಂಗ ಬಂದಿದೆ. ನೇಯೆಲ್ ಸೂತ್ರದಂತೆ ಲೆಕ್ಕ ಹಾಕಿದರೆ ಬ್ಲಾಕಿಂಗ್ ತಾಪಮಾನ (ಇದಕ್ಕಿಂತ ಕೆಳಗೆ ಕಣದ ಕಾಂತದಿಕ್ಕು ತಾನಾಗಿ ಹೊರಳದೆ ಸಿಲುಕಿಕೊಳ್ಳುತ್ತದೆ) ಕೇವಲ 18 ಕೆಲ್ವಿನ್ ಆಗುತ್ತದೆ. ಮ್ಯಾಗ್ನೆಟೈಟ್‌ನ ವೆರ್ವೆ ಪರಿವರ್ತನೆ ಸುಮಾರು 120 ಕೆಲ್ವಿನ್‌ನಲ್ಲಿ ಇರುವುದರಿಂದ ಈ ಶೃಂಗ ಅದರದ್ದೇ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ 1:
ದಯವಿಟ್ಟು ಹಾಗೆ ಬರೆಯಬೇಡಿ. ಸಂಖ್ಯೆಗಳ ಹೊಂದಾಣಿಕೆ ಇಲ್ಲಿ ಬರೀ ಕಾಕತಾಳೀಯ. ವೆರ್ವೆ 1939ರಲ್ಲಿ ಗುರುತಿಸಿದ ಪರಿವರ್ತನೆಯಲ್ಲಿ ಎರಡು ಮತ್ತು ಮೂರು ವೇಲೆನ್ಸಿಯ ಕಬ್ಬಿಣದ ಅಯಾನುಗಳ ನಡುವಣ ಎಲೆಕ್ಟ್ರಾನ್‌ಗಳ ಓಡಾಟ ನಿಂತು, ಹರಳಿನ ರಚನೆಯೇ ಬದಲಾಗುತ್ತದೆ, ಮತ್ತು ಶುದ್ಧವಾದ ದೊಡ್ಡ ಹರಳಿನಲ್ಲಿ ಅದು ಗುಡ್ಡದಂತಲ್ಲ, ಮೆಟ್ಟಿಲಿನಂತೆ ಕಾಣುತ್ತದೆ.

ನಿಮ್ಮ ಲೆಕ್ಕ ತಪ್ಪಿಲ್ಲ, ಆದರೆ ಅದು ಒಂಟಿ ಕಣದ ಲೆಕ್ಕ. ಕಾಂತದಿಕ್ಕು ಹೊರಳದಂತೆ ತಡೆಯುವ ಶಕ್ತಿ ಘನಗಾತ್ರಕ್ಕೆ ಅನುಪಾತದಲ್ಲಿರುವುದರಿಂದ ವ್ಯಾಸ ಇಮ್ಮಡಿಯಾದರೆ ಅದು 8 ಪಟ್ಟಾಗುತ್ತದೆ. 20 ನ್ಯಾನೊಮೀಟರ್ ಕಣಕ್ಕೆ ಅದೇ ಸೂತ್ರ ಸುಮಾರು 145 ಕೆಲ್ವಿನ್ ಕೊಡುತ್ತದೆ. ಚಿತ್ರದಲ್ಲಿ ಬೆರಳೆಣಿಕೆಯಷ್ಟಿರುವ ದೊಡ್ಡ ಕಣಗಳು ಅಳತೆಯಲ್ಲಿ ತಮ್ಮ ಪಾಲಿಗಿಂತ ಹೆಚ್ಚು ಸದ್ದು ಮಾಡುತ್ತವೆ. ಅದರ ಮೇಲೆ, ಒತ್ತಾಗಿ ತುಂಬಿದ ಪುಡಿಯಲ್ಲಿ ಕಣಗಳು ಒಂದರ ಕ್ಷೇತ್ರದಲ್ಲಿ ಇನ್ನೊಂದು ಸಿಲುಕಿರುತ್ತವೆ. ಕ್ಷೇತ್ರದೊಂದಿಗೆ ತಣಿಸಿದ ರೇಖೆ ಶೃಂಗದ ಕೆಳಗೆ ಏರದೆ ಸಪಾಟಾಗಿದ್ದರೆ ಇದೇ ಕಾರಣ ಎಂದು ನಾನಂತೂ ಧೈರ್ಯವಾಗಿ ಹೇಳುತ್ತೇನೆ.

ಉತ್ತರ 2:
ಒಣಗಿಸಿದ ಪುಡಿಯ ಬಣ್ಣ ಯಾವುದು?

ಪ್ರಶ್ನೆ ಕೇಳಿದವರು:
ಸೋಸುವಾಗ ಕಡುಗಪ್ಪಾಗಿತ್ತು. ಓವನ್‌ನಲ್ಲಿ ಒಂದು ರಾತ್ರಿ ಇಟ್ಟ ಮೇಲೆ ಅಂಚುಗಳು ಕಂದಾದವು. ರೇಖೆ ಸಪಾಟಾಗಿಯೇ ಇದೆ.

ಉತ್ತರ 2:
ಹಾಗಾದರೆ ಸಾಕಷ್ಟು ಭಾಗ ಆಮ್ಲಜನಕದೊಂದಿಗೆ ಸೇರಿ ಮ್ಯಾಗ್ಹೆಮೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್ ಆಗಿದೆ. ಅದರಲ್ಲಿ ಎರಡು ವೇಲೆನ್ಸಿಯ ಕಬ್ಬಿಣವೇ ಇಲ್ಲದಿರುವುದರಿಂದ ವೆರ್ವೆ ಪರಿವರ್ತನೆಯ ಪ್ರಶ್ನೆಯೇ ಏಳುವುದಿಲ್ಲ. ಇವೆರಡರ ಎಕ್ಸ್‌-ರೇ ವಿವರ್ತನೆಯ ಗೆರೆಗಳು ಬಹುತೇಕ ಒಂದರ ಮೇಲೊಂದು ಬೀಳುವುದರಿಂದ ಆ ನಕ್ಷೆಯೊಂದನ್ನೇ ನಂಬಿ ಮ್ಯಾಗ್ನೆಟೈಟ್ ಎನ್ನಬೇಡಿ. ಮೊಸ್‌ಬವರ್ ಅಳತೆ (ಗಾಮಾ ಕಿರಣಗಳಿಂದ ಕಬ್ಬಿಣದ ವೇಲೆನ್ಸಿ ತಿಳಿಯುವ ವಿಧಾನ) ಮಾಡಿಸಿ.

ಪರಿಶೀಲನೆಗೆ ಎರಡು ದಾರಿಗಳಿವೆ. ತೊಳೆದ ಕಣಗಳಿಗೆ ಓಲಿಯಿಕ್ ಆಮ್ಲ ಲೇಪಿಸಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಚೆನ್ನಾಗಿ ತೆಳುಮಾಡಿ ಮತ್ತೆ ಅಳೆಯಿರಿ. ಪರಸ್ಪರ ಸೆಳೆತವೇ ಕಾರಣವಾಗಿದ್ದರೆ ಶೃಂಗ ಕೆಳಗಿಳಿಯುತ್ತದೆ. ಅಥವಾ ಎಸಿ ಸಸೆಪ್ಟಿಬಿಲಿಟಿಯನ್ನು (ಆಂದೋಲಿಸುವ ಕ್ಷೇತ್ರಕ್ಕೆ ಕಾಂತತ್ವ ಸ್ಪಂದಿಸುವ ಪ್ರಮಾಣ) 10, 100 ಮತ್ತು 1000 ಹರ್ಟ್ಸ್‌ಗಳಲ್ಲಿ ಅಳೆಯಿರಿ; ಬ್ಲಾಕಿಂಗ್ ಶೃಂಗ ಆವರ್ತನದೊಂದಿಗೆ ಮೇಲಕ್ಕೆ ಸರಿಯುತ್ತದೆ, ವೆರ್ವೆ ಪರಿವರ್ತನೆ ಇದ್ದಲ್ಲೇ ಇರುತ್ತದೆ. ಮಾದರಿಯ ಕೋಶವನ್ನು ಹೀಲಿಯಂನಿಂದ ಹಲವು ಬಾರಿ ತೊಳೆಯುವುದನ್ನು ಮರೆಯಬೇಡಿ: ಒಳಗೆ ಉಳಿದ ಗಾಳಿಯ ಆಮ್ಲಜನಕ ಹೆಪ್ಪುಗಟ್ಟಿ 50 ಕೆಲ್ವಿನ್ ಆಸುಪಾಸಿನಲ್ಲಿ ತನ್ನದೇ ಉಬ್ಬು ತೋರಿಸುತ್ತದೆ, ಅದಕ್ಕೆ ಅರ್ಥ ಹುಡುಕುತ್ತ ನಾನು ಒಂದು ತಿಂಗಳು ಕಳೆದಿದ್ದೇನೆ.