ಹಳೆ ಕಾರಿನ ತೊಂದರೆ: ಪಾರ್ಟ್ ಬದಲಿಸುವ ಮೊದಲು ಕಾರಣ ಹುಡುಕೋಣ

ಗುಂಪಿನ ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟು 22 ವರ್ಷವಾಯಿತು. ನನ್ನ ಹತ್ತಿರ ಬರುವುದು ಹಳೆ ಗಾಡಿಗಳೇ ಜಾಸ್ತಿ. ಈ ವಾರ ನೀವು ಕೇಳಿದ್ದಕ್ಕೆ ಇಲ್ಲೇ ಉತ್ತರ ಬರೆಯುತ್ತೇನೆ. ಒಂದೇ ಒಂದು ವಿನಂತಿ. ತೊಂದರೆ ಯಾವಾಗ ಬರುತ್ತದೆ ಅಂತ ಎಲ್ಲರೂ ಬರೆಯುತ್ತೀರಿ. ಯಾವಾಗ ಬರುವುದಿಲ್ಲ ಅನ್ನುವುದನ್ನೂ ಬರೆಯಿರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ (ವಿನೋಬನಗರ, ದಾವಣಗೆರೆ): ಅಣ್ಣಾ, ನಮ್ಮದು 2007ರ ಆಲ್ಟೊ, 796 ಸಿಸಿ. ಅಪ್ಪ ತೆಗೆದುಕೊಂಡ ಗಾಡಿ. ಮಂಡಿಪೇಟೆ ಜಾಮ್‌ನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಗುತ್ತದೆ. ಆದರೆ ಹೈವೇಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದರೂ ಏನೂ ಆಗುವುದಿಲ್ಲ. ತೋರಿಸಿದ ಕಡೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು ಅಂದರು. ಇಳಿಸಲಾ?

ಉತ್ತರ: ಈಗಲೇ ಇಳಿಸಬೇಡಿ ತಮ್ಮಾ. ಹೆಡ್ ಅಂದರೆ ಇಂಜಿನ್‌ನ ಮೇಲಿನ ಭಾಗ, ಅದರ ಕೆಳಗೆ ಸೋರದ ಹಾಗೆ ಕೂರಿಸುವ ತೆಳು ಪದರವೇ ಹೆಡ್ ಗ್ಯಾಸ್ಕೆಟ್. ನೀವೇ ಬರೆದಿದ್ದೀರಲ್ಲ, ಹೈವೇಯಲ್ಲಿ ಏನೂ ಆಗುವುದಿಲ್ಲ ಅಂತ. ಗಾಡಿ ಓಡುವಾಗ ಎದುರು ಗಾಳಿಯೇ ರೇಡಿಯೇಟರ್ ತಣ್ಣಗೆ ಮಾಡುತ್ತದೆ. ನಿಂತಾಗ ಆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಹಾಗಾಗಿ ಮೊದಲು ನೋಡಬೇಕಾದ್ದು ಫ್ಯಾನ್.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಎಸಿ ಹಾಕದೆ ಸ್ಟಾರ್ಟ್ ಮಾಡಿ ಬಿಡಿ. ಸುಮಾರು 82 ಡಿಗ್ರಿಗೆ ಥರ್ಮೋಸ್ಟಾಟ್ (ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬಾಯಿ ಬಿಡಲು ಶುರುಮಾಡುತ್ತದೆ, ಮೇಲಿನ ರಬ್ಬರ್ ಹೋಸ್ ಬಿಸಿಯಾಗುತ್ತದೆ. ಇನ್ನೂ ಸ್ವಲ್ಪ ಕಾದರೆ, 95 ಡಿಗ್ರಿ ಆಸುಪಾಸಿನಲ್ಲಿ ಫ್ಯಾನ್ ತಿರುಗಬೇಕು. ಮುಳ್ಳು ಅರ್ಧ ದಾಟಿ ಮೇಲೇರುತ್ತಿದ್ದರೂ ಫ್ಯಾನ್ ಸುಮ್ನೆ ನಿಂತಿದ್ದರೆ ತಕ್ಷಣ ಆಫ್ ಮಾಡಿ. ಕಳ್ಳ ಸಿಕ್ಕಿದ ಹಾಗೆ. ಒಂದು ಎಚ್ಚರ. ಕೆಲವು ಗಾಡಿಗಳಲ್ಲಿ ಎಸಿಗೇ ಬೇರೆ ಫ್ಯಾನ್ ಇರುತ್ತದೆ. ಅದು ತಿರುಗುವುದನ್ನು ನೋಡಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ.

ಫ್ಯಾನ್ ತಿರುಗಲಿಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಸರಿ ಇದ್ದರೆ ಫ್ಯಾನಿನ ಸಾಕೆಟ್ ಬಿಚ್ಚಿ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಎರಡು ವೈರ್‌ನಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸಿ. ತಿರುಗಿತಾ? ಹಾಗಾದರೆ ಮೋಟಾರ್ ಚೆನ್ನಾಗಿದೆ, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ವೈರಿಂಗ್ ಅಥವಾ ಸೆನ್ಸರ್ ಕಡೆ ಹುಡುಕಬೇಕು. ತಿರುಗಲಿಲ್ಲವಾ? ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರ್ ಮೈಗೆ ಮೆತ್ತಗೆ ತಟ್ಟಿ ನೋಡಲಿ, ಕೈ ಮಾತ್ರ ರೆಕ್ಕೆಯಿಂದ ದೂರ ಇರಲಿ. ತಟ್ಟಿದಾಗ ತಿರುಗಿದರೆ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಂತ ಅರ್ಥ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಬೇರೆ ಗುರುತುಗಳು ಇರುತ್ತವೆ. ಎಲ್ಲೂ ಸೋರದೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗುತ್ತಾ ಹೋಗುತ್ತದೆ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಬಿಗಿಯುತ್ತದೆ. ಡಿಪ್ ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಇವೆಲ್ಲ ಒಟ್ಟಿಗೇ ಬರಬೇಕು ಅಂತೇನಿಲ್ಲ. ಒಂದೂ ಇಲ್ಲದೆ ಹೆಡ್‌ಗೆ ಕೈ ಹಾಕುವುದು ತಪ್ಪು. ಹೆಡ್ ಇಳಿಸಿದರೆ ಲೇತ್‌ಗೆ ಒಯ್ದು ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಮೈ ಸಮತಟ್ಟು ಮಾಡಿಸಬೇಕು, ಗ್ಯಾಸ್ಕೆಟ್ ಸೆಟ್ ಹೊಸದು ಬೇಕು, ಮತ್ತೆ ಬೋಲ್ಟ್‌ಗಳನ್ನು ಲೆಕ್ಕದ ಬಿಗಿತಕ್ಕೆ (ಟಾರ್ಕ್) ಬಿಗಿಯಬೇಕು. ಇಷ್ಟೆಲ್ಲಾ ಮಾಡಿದ ಮೇಲೂ ಫ್ಯಾನ್ ತಿರುಗದಿದ್ದರೆ ಮಂಡಿಪೇಟೆಯಲ್ಲಿ ಮತ್ತೆ ಅದೇ ಕಥೆ ಅಲ್ವಾ?

ಇನ್ನೊಂದು ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ಅಷ್ಟೂ ಕುದಿದು ಮೇಲೆ ಚಿಮ್ಮುತ್ತದೆ. ಭರಮಸಾಗರದ ಹತ್ತಿರ ರಸ್ತೆ ಪಕ್ಕ ನಿಂತಿದ್ದ ಒಂದು ಗಾಡಿ ನೋಡಲು ಹೋಗಿದ್ದೆ. ನಾನು ತಲುಪುವಷ್ಟರಲ್ಲಿ ಗಾಡಿ ಯಜಮಾನರು ಟವೆಲ್ ಹಿಡಿದು ಮುಚ್ಚಳ ತೆಗೆದಿದ್ದರು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಎದ್ದಿತ್ತು. ಗಾಡಿ ಬಿಟ್ಟು ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಹೀಟ್ ಆದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಮುಚ್ಚಳ ಬರಿಗೈಯಲ್ಲಿ ಮುಟ್ಟುವಷ್ಟು ತಣ್ಣಗಾಗುವವರೆಗೆ ಕಾಯಿರಿ. ಅರ್ಧ ಗಂಟೆಯಾದರೂ ಬೇಕು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ (ಚಳ್ಳಕೆರೆ): ಇದೇ ವಿಷಯದಲ್ಲಿ ನನ್ನದೂ ಒಂದು. ನಮ್ಮ ಕಡೆ ಥರ್ಮೋಸ್ಟಾಟ್ ತೆಗೆದು ಹಾಕಿಬಿಡಿ, ಹೀಟ್ ಆಗುವುದೇ ಇಲ್ಲ ಅನ್ನುತ್ತಾರೆ. ರೇಡಿಯೇಟರ್‌ಗೆ ಬೋರ್ ನೀರು ಹಾಕುತ್ತಿದ್ದೇನೆ. ಪರವಾಗಿಲ್ಲವಾ?

ಉತ್ತರ: ಥರ್ಮೋಸ್ಟಾಟ್ ತೆಗೆಯುವುದು ಅಂದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ. ಅದು ಕೆಟ್ಟಿದೆಯಾ ಅನ್ನುವ ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿ. ನೀರು ಕುದಿಯುವುದರೊಳಗೆ ಅದರ ಬಾಯಿ ತೆರೆಯಬೇಕು, ತಣ್ಣಗಾದಾಗ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ.

ಬೋರ್ ನೀರು ಇವತ್ತೇ ನಿಲ್ಲಿಸಿ. ಚಳ್ಳಕೆರೆ, ಜಗಳೂರು, ಚಿತ್ರದುರ್ಗ ಕಡೆ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಹಂಡೆಯೇ ಹೇಳುತ್ತದೆ. ಹಂಡೆ ಒಳಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಒಳಗಿನ ಸಣ್ಣ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹೋದ ತಿಂಗಳು ಒಂದು ರೇಡಿಯೇಟರ್ ಬಿಚ್ಚಿಸಿದೆ. ಸಾಲಿನಲ್ಲಿ ಅರ್ಧಕ್ಕರ್ಧ ಕೊಳವೆ ಮುಚ್ಚಿಹೋಗಿದ್ದವು, ಸೂಜಿ ತೂರಿಸಲೂ ಜಾಗವಿರಲಿಲ್ಲ. ಇಂಥ ಗಾಡಿ ಮೇಲೆ ಪ್ರಶ್ನೆ ಕೇಳಿದ ಆಲ್ಟೊದವರ ಗಾಡಿಗೆ ಉಲ್ಟಾ. ಊರಲ್ಲಿ ಹೇಗೋ ನಡೆಯುತ್ತದೆ, ಹೈವೇಯಲ್ಲಿ 80, 90ರಲ್ಲಿ ಹೋದಾಗ ಹೀಟ್ ಆಗುತ್ತದೆ. ಒಮ್ಮೆ ಚೆನ್ನಾಗಿ ಫ್ಲಶ್ ಮಾಡಿಸಿ. ಆಮೇಲೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿಸಿ. ಕೂಲೆಂಟ್ ಡಬ್ಬಿ ಮೇಲೆ ಮೊದಲೇ ಬೆರೆಸಿದ್ದು ಅಂತ ಇದ್ದರೆ ನೀರು ಸೇರಿಸಬೇಡಿ.

ಪ್ರಶ್ನೆ (ಹೊಳಲ್ಕೆರೆ): ಸರ್, 2005ರ ಸ್ಯಾಂಟ್ರೋ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಬ್ಯಾಟರಿ ಹೊಸದು ಹಾಕಿಸಿದೆ. ನಾಲ್ಕು ದಿನ ಸರಿ ಇತ್ತು, ಮತ್ತೆ ಅದೇ. ಈಗ ಸೆಲ್ಫ್ ಮೋಟಾರ್ ಬದಲಿಸಿ ಅನ್ನುತ್ತಿದ್ದಾರೆ.

ಉತ್ತರ: ಬ್ಯಾಟರಿಗೆ ದುಡ್ಡು ಹೋಯಿತು, ಈಗ ಸೆಲ್ಫ್‌ಗೂ ಹೋಗುವುದು ಬೇಡ. ರಾತ್ರಿ ಕತ್ತಲಲ್ಲಿ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಖಾಲಿ, ಇಲ್ಲ ಟರ್ಮಿನಲ್ ಹಿಡಿತ ಸರಿ ಇಲ್ಲ. ಲೈಟ್ ಚೆನ್ನಾಗಿ ಉರಿಯುತ್ತಲೇ ಇದ್ದು ಬರೀ ಟಕ್ ಅಂದರೆ ಸೆಲ್ಫ್ ಅಥವಾ ಅದಕ್ಕೆ ಬರುವ ದಾರಿಯಲ್ಲಿ ತೊಂದರೆ. ಆ ದಾರಿಯಲ್ಲಿ ಎಲ್ಲರೂ ಮರೆಯುವುದು ಅರ್ತಿಂಗ್ ವೈರ್. ಬ್ಯಾಟರಿ ಮೈನಸ್‌ನಿಂದ ಗಾಡಿಯ ಬಾಡಿ ಮತ್ತು ಇಂಜಿನ್‌ಗೆ ಹೋಗುವ ದಪ್ಪ ವೈರ್ ಅದು. ಹಳೆ ಗಾಡಿಯಲ್ಲಿ ಅದರ ಬೋಲ್ಟ್ ಕೆಳಗೆ ತುಕ್ಕು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಂಪ್ ಕೇಬಲ್ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್‌ನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಗಕ್ಕನೆ ಸ್ಟಾರ್ಟ್ ಆಯಿತಾ? ಅರ್ತಿಂಗ್‌ದೇ ತಪ್ಪು. ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ ಬಿಗಿಸಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ವೈರ್ ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆಯಿರಿ. ಒಣಗಿಸಿ ಬಿಗಿಸಿದ ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಮೀಟರ್ ಇದ್ದರೆ ಇದನ್ನೂ ನೋಡಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಸುಮಾರು 13.8ರಿಂದ 14.4. ಓಡುವಾಗಲೂ 12ರ ಹತ್ತಿರವೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅದು ಕುಂದುತ್ತಲೇ ಇರುತ್ತದೆ.

ಪ್ರಶ್ನೆ (ಚಿತ್ರದುರ್ಗ): ಅಣ್ಣಾ, ನಮ್ಮದು 2009ರ ವ್ಯಾಗನ್ಆರ್. ನಾನೇ ಓಡಿಸುತ್ತೇನೆ. ಭಾನುವಾರ ಮಕ್ಕಳನ್ನು ಜೋಗಿಮಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಹೇಗೋ ಹ್ಯಾಂಡ್‌ಬ್ರೇಕ್ ಹಿಡಿದು ಕೆಳಗೆ ಬಂದೆ. ಅರ್ಧ ಗಂಟೆ ನಿಂತ ಮೇಲೆ ಮೊದಲಿನ ಹಾಗೇ ಆಯಿತು. ಆಯಿಲ್ ಎಲ್ಲೂ ಸೋರಿಲ್ಲ. ಈಗ ಸರಿ ಇದೆ, ಓಡಿಸಬಹುದಾ?

ಉತ್ತರ: ಅಕ್ಕಾ, ಓಡಿಸಬೇಡಿ. ಮಕ್ಕಳನ್ನು ಕೂರಿಸಿಕೊಂಡಂತೂ ಬೇಡವೇ ಬೇಡ. ತಣ್ಣಗಾದ ಮೇಲೆ ಸರಿಹೋಯಿತು ಅನ್ನುವುದೇ ಇಲ್ಲಿ ಸುಳಿವು. ಸೋರಿಕೆ ಇದ್ದಿದ್ದರೆ ತಾನಾಗಿ ಸರಿಹೋಗುತ್ತಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ಲೆಕ್ಕ. ತೇವ ಹೀರಿದ ಮೇಲೆ ಅದು 140 ಡಿಗ್ರಿಗೆ ಬಂದುಬಿಡಬಹುದು. ಇಳಿಜಾರಿನಲ್ಲಿ ಕಾಲು ಎತ್ತದೆ ಬ್ರೇಕ್ ಒತ್ತಿದರೆ ಡಿಸ್ಕ್ ಕಾಯುತ್ತದೆ, ಆ ಬಿಸಿ ಆಯಿಲ್‌ಗೆ ಹತ್ತುತ್ತದೆ. ಆಯಿಲ್ ಕುದಿದರೆ ಒಳಗೆ ಆವಿ ಗುಳ್ಳೆ. ಪೆಡಲ್ ಒತ್ತಿದಾಗ ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ಆಯಿಲ್‌ಗೆ ಸೇರಿ ಪೆಡಲ್ ಗಟ್ಟಿಯಾಗುತ್ತದೆ.

ಪೂರ್ತಿ ಹಳೆ ಆಯಿಲ್ ತೆಗೆಸಿ ಹೊಸದು ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಲೈನ್‌ನೊಳಗಿನ ಗಾಳಿ ತೆಗೆಸಿ. ಮೇಲಿಂದ ಟಾಪ್ ಅಪ್ ಮಾಡಿದರೆ ಸಾಲದು. ಗಾಡಿಯ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ಡಾಟ್ ನಂಬರ್‌ದೇ ಇರಲಿ, ಡಬ್ಬಿ ನಿಮ್ಮ ಎದುರೇ ಒಡೆಯಲಿ. ಎರಡು ವರ್ಷಕ್ಕೊಮ್ಮೆ ಇದು ಆಗಬೇಕು. ಮುಂದಿನ ಚಕ್ರ ಬಿಚ್ಚಿದಾಗ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ತೋರಿಸಲು ಹೇಳಿ. 3 ಮಿಲಿಮೀಟರ್ ಹತ್ತಿರ ಬಂದಿದ್ದರೆ ಬದಲಿಸಿ. ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿ ಪ್ಯಾಡ್ ಸದಾ ಉಜ್ಜುತ್ತಿದ್ದರೂ ಹೀಗೆ ಕಾಯುತ್ತದೆ, ಅದನ್ನೂ ಪರೀಕ್ಷಿಸಲಿ. ಮುಂದೆ ಇಳಿಯುವಾಗ ಸೆಕೆಂಡ್ ಗೇರ್‌ನಲ್ಲಿಡಿ, ಇಂಜಿನ್ನೇ ಹಿಡಿದು ಇಳಿಸುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯಬೇಕು ಅಂತ ಆ ಗಾಬರಿಯಲ್ಲೂ ನಿಮಗೆ ಹೊಳೆದದ್ದು ದೊಡ್ಡದು ಅಕ್ಕಾ.

ಪ್ರಶ್ನೆ (ಹರಿಹರ): ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಮುಂದಿನ ಚಕ್ರದಲ್ಲಿ ಕಟ್ ಕಟ್ ಕಟ್ ಸದ್ದು. ನೇರ ಹೋಗುವಾಗ ಇಲ್ಲ.

ಉತ್ತರ: ಆಕ್ಸಲ್‌ನ ಹೊರಗಿನ ಜಾಯಿಂಟ್ ಸವೆದಿದೆ. ಚಕ್ರದ ಹಿಂದೆ ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತ ಚಿಮ್ಮಿರುತ್ತದೆ. ಬೂಟ್ ಹರಿದ ಹೊಸತರಲ್ಲೇ ಕಂಡಿದ್ದರೆ ಬೂಟ್ ಮತ್ತು ಗ್ರೀಸ್‌ನಲ್ಲೇ ಮುಗಿಯುತ್ತಿತ್ತು. ಸದ್ದು ಶುರುವಾಗಿದೆ ಅಂದರೆ ಜಾಯಿಂಟೇ ಬದಲಿಸಬೇಕು.

ಪ್ರಶ್ನೆ (ಹಿರಿಯೂರು): 1998ರ ಕಾರ್ಬುರೇಟರ್ ಮಾರುತಿ 800. ನಿಲ್ಲಿಸಿದ ಮೇಲೆ ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ.

ಉತ್ತರ: ಸರಿಯಾಗುವ ತನಕ ಗಾಡಿ ಹೊರಗೆ ನಿಲ್ಲಿಸಿ. ಟ್ಯಾಂಕ್‌ನಿಂದ ಕಾರ್ಬುರೇಟರ್‌ವರೆಗೆ ರಬ್ಬರ್ ಹೋಸ್‌ಗಳನ್ನು ಬೆರಳಲ್ಲಿ ಮಡಚಿ ನೋಡಿ. ಸಣ್ಣ ಬಿರುಕು ಕಂಡರೂ ಎಲ್ಲಾ ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ. ಆ ಕಾಲದ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥೆನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ, ಕ್ಲಿಪ್‌ಗಳೂ ಹೊಸದಿರಲಿ.

ಆಲ್ಟೊ ಪ್ರಶ್ನೆ ಕೇಳಿದವರು, ಎರಡು ದಿನದ ನಂತರ: ಅಣ್ಣಾ, ನೀವು ಹೇಳಿದ ಹಾಗೇ ಮಾಡಿಸಿದೆ. ನೇರ ಕರೆಂಟ್ ಕೊಟ್ಟರೂ ಫ್ಯಾನ್ ತಿರುಗಲಿಲ್ಲ, ತಟ್ಟಿದಾಗ ತಿರುಗಿತು. ಬೇರೆ ಮೋಟಾರ್ ಹಾಕಿಸಿದೆ. ಈಗ ಜೋರಾಗಿ ತಿರುಗುತ್ತಿದೆ, ಆದರೂ ಮುಳ್ಳು ಅರ್ಧ ದಾಟುತ್ತಿದೆ. ಹಾಗಾದರೆ ಹೆಡ್ ಗ್ಯಾಸ್ಕೆಟ್ಟೇ ಇರಬಹುದಾ?

ಉತ್ತರ: ತಡೆಯಿರಿ. ಫ್ಯಾನ್ ತಿರುಗುತ್ತಿರುವಾಗ ಮುಂದಿನ ಗ್ರಿಲ್ ಹತ್ತಿರ ನ್ಯೂಸ್ ಪೇಪರ್‌ನ ಒಂದು ಹಾಳೆ ಹಿಡಿಯಿರಿ. ಹಾಳೆ ಒಳಗೆ ಎಳೆದುಕೊಂಡು ಗ್ರಿಲ್‌ಗೆ ಅಂಟಬೇಕು. ಹೊರಗೆ ಹಾರುತ್ತಿದ್ದರೆ ಮೋಟಾರ್‌ನ ಎರಡು ವೈರ್ ಅದಲುಬದಲಾಗಿದೆ, ಫ್ಯಾನ್ ಉಲ್ಟಾ ತಿರುಗುತ್ತಿದೆ. ಬೇರೆ ಮೋಟಾರ್‌ಗೆ ಹಳೆ ಸಾಕೆಟ್ ಕತ್ತರಿಸಿ ಜೋಡಿಸುವಾಗ ಹೀಗಾಗುತ್ತದೆ.

ಆಲ್ಟೊದವರು: ಹಾಳೆ ಹೊರಗೇ ಹಾರಿತು ಅಣ್ಣಾ! ವೈರ್ ಬದಲಿಸಿ ಹಾಕಿಸಿದೆ. ಈಗ ಗ್ರಿಲ್‌ಗೆ ಅಂಟಿಕೊಂಡು ನಿಲ್ಲುತ್ತದೆ. ಸಂಜೆ ಮಂಡಿಪೇಟೆಯಲ್ಲಿ ಬೇಕು ಅಂತಲೇ ಅರ್ಧ ಗಂಟೆ ಸುತ್ತಿದೆ. ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಅಪ್ಪ ಪಕ್ಕದಲ್ಲೇ ಕೂತು ಮುಳ್ಳನ್ನೇ ನೋಡುತ್ತಿದ್ದರು.

ಉತ್ತರ: ಕೇಳಿ ತುಂಬಾ ಖುಷಿಯಾಯಿತು. ಹೀಟ್ ಆದಾಗ ಕೂಲೆಂಟ್ ಸ್ವಲ್ಪ ಹೊರಗೆ ಹೋಗಿರುತ್ತದೆ, ಒಳಗೆ ಗಾಳಿ ಸೇರಿರುತ್ತದೆ. ನಾಳೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಬಾಯಿವರೆಗೆ ತುಂಬಿಸಿ. ಪಕ್ಕದ ಕೂಲೆಂಟ್ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಇರಲಿ. ಒಂದು ವಾರ ದಿನಾ ಬೆಳಿಗ್ಗೆ ಡಬ್ಬಿ ನೋಡಿ. ಇಳಿಯುತ್ತಲೇ ಇದ್ದರೆ ಇಲ್ಲೇ ಬರೆಯಿರಿ, ಸೋರಿಕೆ ಹುಡುಕೋಣ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.