ಓದುಗರ ಸ್ಪಂದನ: ‘ವಾರ್ಡಿಗೆ ನಾನೇ ನಿಲ್ಲಲೇ?’

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಗೊಂದಲ ಬರೆದುಕೊಂಡಿದ್ದರು. ಪುರಸಭೆ ಇರುವ ಊರು. ಅವರು ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮಳೆ ಬಂದರೆ ಬೀದಿಯ ಚರಂಡಿ ಉಕ್ಕುತ್ತದೆ, ನಲ್ಲಿ ನೀರು ಐದು ದಿನಕ್ಕೊಮ್ಮೆ. ವಾರ್ಡು ಈ ಸಲ ‘ಸಾಮಾನ್ಯ ಮಹಿಳೆ’ಗೆ ಮೀಸಲು. ನೆರೆಹೊರೆಯವರು ನಿಲ್ಲಿ ಎನ್ನುತ್ತಾರೆ, ಮನೆಯವರು ಬೇಡ ಎನ್ನುತ್ತಾರೆ. ಪಕ್ಷೇತರಳಾಗಿ ನಿಲ್ಲಲೇ, ನಿಂತರೆ ಎಲ್ಲಿಂದ ಶುರು ಮಾಡಲಿ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಚರಂಡಿ ಉಕ್ಕಿತೆಂದು ಚುನಾವಣೆಗೆ ನಿಲ್ಲಬೇಕಿಲ್ಲ. ಮುಖ್ಯಾಧಿಕಾರಿಗೆ ಅರ್ಜಿ ಬರೆದು ಪುರಸಭೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಅರ್ಜಿಯಲ್ಲ. ಇಷ್ಟನ್ನೂ ಮಾಡದವರು ಸದಸ್ಯರಾಗಿ ಏನು ಮಾಡುತ್ತೀರಿ?
– ಕೆ.ಎನ್., ಹಾಸನ

*ಮಾತು ಖಾರ, ಸಲಹೆ ಸರಿ. ಅರ್ಜಿ ಕೊಟ್ಟಿಲ್ಲ ಎಂದು ಓದುಗರು ಎಲ್ಲೂ ಹೇಳಿರಲಿಲ್ಲ, ಅಷ್ಟೆ. ಮುಂದಿನದು ದೀರ್ಘ ಪತ್ರ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.*

ಸೋದರಿ, ನಾಮಪತ್ರ ತಿರಸ್ಕೃತವಾದ ಮನೆಯಲ್ಲಿ ಏನೇನಾಗುತ್ತದೆಂದು ಬಲ್ಲೆ. ಆ ಕತೆ ಬೇಡ. ನಿಮಗೆ ಹಾಗಾಗಬಾರದೆಂದು ಬರೆಯುತ್ತಿದ್ದೇನೆ.

ಶುರು ಮಾಡಬೇಕಾದ್ದು ಮತದಾರರ ಪಟ್ಟಿಯಿಂದ, ಭಾಷಣದಿಂದಲ್ಲ. 21 ವರ್ಷ ತುಂಬಿರಬೇಕು, ಪುರಸಭೆಯ ಪಟ್ಟಿಯಲ್ಲಿ ಹೆಸರಿರಬೇಕು. ಇವು ನಿಮಗೆ ಇದ್ದೇ ಇರುತ್ತವೆ. ಪೇಚು ಇರುವುದು ಬೇರೆ ಕಡೆ. ಪುರಸಭೆಗೆ ಬಳಸುವ ವಾರ್ಡುವಾರು ಪಟ್ಟಿಯನ್ನು ವಿಧಾನಸಭೆಯ ಪಟ್ಟಿ ಒಡೆದು ಮಾಡುತ್ತಾರೆ. ಗಡಿಯ ಬೀದಿಗಳಲ್ಲಿ ಎಡ ಮಗ್ಗುಲು ನಿಮ್ಮ ವಾರ್ಡು, ಬಲ ಮಗ್ಗುಲು ಪಕ್ಕದ್ದು ಎಂದಿದ್ದರೆ ಮೂಲೆ ಮನೆಯವರ ಹೆಸರು ಆ ಕಡೆಗೆ ಜಾರಿರುತ್ತದೆ. ನಿಮಗೆ ವೋಟು ಹಾಕುವೆನೆಂದು ಮಾತು ಕೊಟ್ಟವರು ಮತದಾನದ ದಿನ ಹೆಸರಿಲ್ಲವೆಂದು ವಾಪಸು ಹೋಗುವುದು ಹೀಗೆ. ಕರಡು ಪಟ್ಟಿ ಪ್ರಕಟವಾದ ದಿನವೇ ಪ್ರತಿ ತೆಗೆದುಕೊಂಡು, ವಾರ್ಡಿನ ಗಡಿಯನ್ನು ಅಧಿಸೂಚನೆಯಲ್ಲಿ ಹೇಳಿದಂತೆ ನಡೆದು ನೋಡಿ, ಮನೆ ನಂಬರಿನ ಜೊತೆ ತಾಳೆ ಹಾಕಿ. ತಪ್ಪಿದ್ದರೆ ಆಕ್ಷೇಪಣೆಯ ಅವಧಿ ಮುಗಿಯುವುದರೊಳಗೆ ಲಿಖಿತವಾಗಿ ಕೊಡಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ಮತ್ತು ತಿದ್ದುಪಡಿಗೆ ನಮೂನೆ 8. ಅಂತಿಮ ಪಟ್ಟಿ ಬಂದ ಮೇಲೆ ಬಾಯಿ ಮಾತು ನಡೆಯುವುದಿಲ್ಲ.

ನಾಮಪತ್ರದ ಸೂಚಕರ, ಅಂದರೆ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವವರ, ಹೆಸರು ನಿಮ್ಮದೇ ವಾರ್ಡಿನ ಪಟ್ಟಿಯಲ್ಲಿರಬೇಕು. ಭಾಗದ ಸಂಖ್ಯೆ, ಕ್ರಮ ಸಂಖ್ಯೆಯನ್ನು ಅಂತಿಮ ಪಟ್ಟಿ ನೋಡಿಯೇ ಬರೆಯಿರಿ. ಹಳೇ ಪಟ್ಟಿಯ ನಂಬರು ಹಾಕಿ ಸಿಕ್ಕಿಬೀಳುವವರು ಬಹಳ. ಬೇರೆ ಸೂಚಕರಿಂದ ಇನ್ನೊಂದು ಪ್ರತಿಯನ್ನೂ ಸಲ್ಲಿಸಿ. ಪ್ರಮಾಣ ಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣ ಎಲ್ಲ ಬರುತ್ತವೆ. ಒಂದು ಕಾಲಮ್ಮನ್ನೂ ಖಾಲಿ ಬಿಡಬೇಡಿ. ಇಲ್ಲದ್ದಕ್ಕೆ ‘ಇಲ್ಲ’ ಎಂದೇ ಬರೆಯಿರಿ, ಗೀಟು ಎಳೆಯಬೇಡಿ. ಖಾಲಿ ಬಿಟ್ಟದ್ದನ್ನು ತುಂಬಿಸಲು ಚುನಾವಣಾಧಿಕಾರಿ ಹೇಳಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಯಜಮಾನರ ಹೆಸರಿನ ಆಸ್ತಿ, ಸಾಲವೂ ಅದರಲ್ಲಿ ಬರಬೇಕು, ಹಾಗಾಗಿ ಅವರನ್ನು ಮೊದಲೇ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ಮನೆಕಂದಾಯ, ನೀರಿನ ಕರ ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಪುರಸಭೆಯ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಪಾಲಿದ್ದರೆ ಅನರ್ಹತೆ ಬರುತ್ತದೆ. ಮನೆಯಲ್ಲಿ ಯಾರಾದರೂ ಕಂಟ್ರಾಕ್ಟರ್ ಇದ್ದರೆ ಈಗಲೇ ವಕೀಲರನ್ನು ಕೇಳಿ. ನಿಮ್ಮ ಶಾಲೆ ಅನುದಾನಿತವಾದರೆ ಸೇವಾ ನಿಯಮವನ್ನೂ ನೋಡಿ. ಕೊನೆಯ ದಿನ ಕೊನೆಯ ಗಂಟೆಗೆ ಹೋಗಬೇಡಿ. ಪರಿಶೀಲನೆಯ ದಿನ ಖುದ್ದು ಕೂತಿರಿ, ಆಕ್ಷೇಪ ಎತ್ತುವವರು ಅಂದೇ ಎತ್ತುತ್ತಾರೆ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕು. ಖರ್ಚಿನ ಲೆಕ್ಕವನ್ನು ಸೋತರೂ 30 ದಿನದೊಳಗೆ ಕೊಡಬೇಕು. ಸೋತವರು ಇದನ್ನು ಮರೆಯುತ್ತಾರೆ, ಮುಂದಿನ ಸಲ ನಿಲ್ಲಲು ಹೋದಾಗ ಅನರ್ಹರ ಪಟ್ಟಿಯಲ್ಲಿರುತ್ತಾರೆ.
– ಒಬ್ಬ ಹಿತೈಷಿ, ಚಿತ್ರದುರ್ಗ ಜಿಲ್ಲೆ

*ಇನ್ನೊಬ್ಬರು ಚುನಾವಣೆಯ ಗೊಡವೆಗೇ ಹೋಗಿಲ್ಲ. ಚರಂಡಿ ನೋಡಿದ್ದಾರೆ.*

ಟೀಚರಮ್ಮ, ಚರಂಡಿ ಹೂಳಿನಿಂದಷ್ಟೇ ಉಕ್ಕುವುದಿಲ್ಲ. ಒಂದೇ ಚರಂಡಿಯನ್ನು ಬೇರೆ ಬೇರೆ ವರ್ಷ ಬೇರೆ ಬೇರೆ ಗುತ್ತಿಗೆದಾರರು ತುಂಡು ತುಂಡಾಗಿ ಕಟ್ಟಿರುತ್ತಾರೆ, ತಳದ ಮಟ್ಟ ಒಂದಕ್ಕೊಂದು ಕೂಡುವುದಿಲ್ಲ. ಹೂಳು ತಳದಲ್ಲಿ ಕೂರದಿರಲು ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ಓಡಬೇಕು. ಸಣ್ಣ ಚರಂಡಿಗೆ 200 ಅಡಿಗೆ 1 ಅಡಿಯಷ್ಟಾದರೂ ಇಳಿಜಾರು ಇರಲಿ. ಗೇಟಿನ ಮುಂದೆ ಮನೆಯವರೇ ಹಾಕಿದ ಕಲ್ಲು ಚಪ್ಪಡಿಯ ಕೆಳಗೆ, ರಸ್ತೆ ದಾಟುವ ಸಣ್ಣ ಪೈಪಿನ ಬಾಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ. ಹೂಳೆತ್ತಿದವರು ಅದನ್ನು ಅಂಚಿನಲ್ಲೇ ಗುಡ್ಡೆ ಹಾಕಿ ಹೋದರೆ ಮುಂದಿನ ಮಳೆಗೆ ಮತ್ತೆ ಒಳಗೆ.

ಮಾಹಿತಿ ಹಕ್ಕಿನಲ್ಲಿ ಆ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ನಕಲು ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಉತ್ತರಕ್ಕೆ 30 ದಿನ. ‘ವಾರ್ಡಿನ ಎಲ್ಲ ಕಾಮಗಾರಿ’ ಎಂದು ಕೇಳಿದರೆ ಅಸ್ಪಷ್ಟ ಎಂದು ವಾಪಸು ಬರುತ್ತದೆ. ಬೀದಿಯ ಹೆಸರು, ವರ್ಷ ಹಾಕಿ. ಪುಸ್ತಕದಲ್ಲಿ ಬರೆದ ಉದ್ದ, ಆಳವನ್ನು ಟೇಪು ಹಿಡಿದು ನೋಡಿ. ಈ ಕಾಗದ ಕೈಯಲ್ಲಿದ್ದರೆ ಸದಸ್ಯೆಯಾದರೂ ಆಗದಿದ್ದರೂ ಎಂಜಿನಿಯರ್ ನಿಮ್ಮ ಮಾತು ಕೇಳುತ್ತಾರೆ.
– ನಿವೃತ್ತ ಎಂಜಿನಿಯರ್, ಶಿವಮೊಗ್ಗ

ಒಂದು ಲೆಕ್ಕ. 23 ಸದಸ್ಯರ ಪುರಸಭೆ, ಜೊತೆಗೆ ಶಾಸಕರದೊಂದು, ಸಂಸದರದೊಂದು ಮತ. ಎಲ್ಲರೂ ಬಂದರೆ ನಿರ್ಣಯಕ್ಕೆ 13 ಕೈ ಬೇಕು. ಪಕ್ಷದವರಿಗೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ) ಇರುತ್ತದೆ, ನಿಮ್ಮ ಜೊತೆ ಯಾರು ಕೈ ಎತ್ತುತ್ತಾರೆ?
– ಬಿ.ಎಂ., ಗದಗ

*ಈ ಪ್ರಶ್ನೆಗೆ ಮಾಜಿ ಸದಸ್ಯೆಯೊಬ್ಬರ ಪತ್ರದಲ್ಲಿ ಉತ್ತರವಿದೆ ಎಂದು ನಮಗನ್ನಿಸಿತು.*

ಸಣ್ಣ ಪುರಸಭೆಯಲ್ಲಿ ಎರಡು ಗುಂಪು ಸಮಬಲವಾಗುವುದು ಅಪರೂಪವಲ್ಲ, ಆಗ ಪಕ್ಷೇತರರಿಗೆ ಬೆಲೆ ಬರುತ್ತದೆ. ಆ ಬೆಲೆಯನ್ನು ಅಧ್ಯಕ್ಷರ ಚುನಾವಣೆಯ ದಿನವೇ ಖರ್ಚು ಮಾಡಿಬಿಡಬೇಡಿ, ಬಜೆಟ್‌ವರೆಗೆ ಇಟ್ಟುಕೊಳ್ಳಿ. ಬಜೆಟ್ ಪುಸ್ತಕದಲ್ಲಿ ಒಟ್ಟು ಮೊತ್ತ ನೋಡಿ ಹಿಗ್ಗಬಾರದು. ಬಹುಪಾಲು ಸಂಬಳ, ಕರೆಂಟು ಬಿಲ್ಲು, ಇಂಥದ್ದಕ್ಕೇ ಎಂದು ಮೊದಲೇ ಗೊತ್ತು ಮಾಡಿದ ಬಾಬುಗಳಿಗೇ ಹೋಗುತ್ತದೆ. 2021ರಿಂದ 26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಚರಂಡಿ, ನೀರು ಕೇಳುವವರು ಅಂಥ ಹಣದ ಕ್ರಿಯಾ ಯೋಜನೆ ತಯಾರಾಗುವಾಗಲೇ ಬೀದಿಯ ಹೆಸರು ಸೇರಿಸಬೇಕು. ಮಂಜೂರಾಗಿ ಬಂದ ಪಟ್ಟಿಗೆ ಆಮೇಲೆ ಬೀದಿ ಸೇರುವುದಿಲ್ಲ.

ಸಭೆಯ ನೋಟಿಸಿನೊಂದಿಗೆ ಬರುವ ವಿಷಯಪಟ್ಟಿ ಓದದೆ ಹೋಗಬೇಡಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಎಂಬ ಕೊನೆಯ ಸಾಲಿನಲ್ಲಿ ಏನೇನೋ ನುಸುಳುತ್ತದೆ. ವಿರೋಧವಿದ್ದರೆ ಕೂಗಾಡಬೇಡಿ, ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ದಾಖಲಿಸಲು ಹೇಳಿ. ಮುಂದಿನ ಸಭೆಯಲ್ಲಿ ನಡಾವಳಿ ಓದುವಾಗ ಅದು ಇದೆಯೇ ನೋಡಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ‘ನಡಾವಳಿ ಆಮೇಲೆ ಬರೆಯುತ್ತೇವೆ ಮೇಡಂ’ ಎನ್ನುವವರಿದ್ದಾರೆ.

ಇನ್ನು ಮನೆಯವರ ವಿಷಯ. ಅವರು ಬೇಡ ಎಂದರೆ ಮಾತಾಡಿ ಒಪ್ಪಿಸಬಹುದು. ‘ನೀನು ನಿಲ್ಲು, ನಾನು ನೋಡಿಕೊಳ್ಳುತ್ತೇನೆ’ ಎಂದಾಗಲೇ ಹುಷಾರಾಗಿರಬೇಕು. ಸದಸ್ಯೆಯ ಪತಿಗೆ ಸಭೆಯಲ್ಲಿ ಕುರ್ಚಿ ಇಲ್ಲ, ಕಡತ ಕೇಳುವ ಹಕ್ಕಿಲ್ಲ. ಮೊದಲ ತಿಂಗಳಲ್ಲೇ ನಿಮ್ಮ ಫೋನನ್ನು ನೀವೇ ಎತ್ತಿ.
– ಮಾಜಿ ಸದಸ್ಯೆ, ಉತ್ತರ ಕನ್ನಡ

*ನೀರಿನ ಬಗ್ಗೆ ಬಂದ ಒಂದೇ ಪತ್ರ ಇದು.*

ಐದು ದಿನಕ್ಕೊಮ್ಮೆ ನೀರು ಬರುವ ಕಡೆ ಟ್ಯಾಂಕು ಸಾಲದೇ ಇರಬಹುದು, ಆದರೆ ಮೊದಲು ನೋಡಬೇಕಾದ್ದು ವಾಲ್ವ್ ಸರದಿ. ವಾಲ್ವ್‌ಮ್ಯಾನ್ ಯಾವ ವಾಲ್ವ್ ಎಷ್ಟು ಹೊತ್ತಿಗೆ ತೆರೆದು ಎಷ್ಟಕ್ಕೆ ಮುಚ್ಚುತ್ತಾರೆಂದು ಎರಡು ಸರದಿ ಬರೆದಿಟ್ಟರೆ ಯಾವ ಬೀದಿಗೆ ಎರಡು ತಾಸು, ಯಾವುದಕ್ಕೆ ಇಪ್ಪತ್ತು ನಿಮಿಷ ಎಂದು ಗೊತ್ತಾಗುತ್ತದೆ. ಎರಡನೆಯದು, ನಲ್ಲಿ ಪೈಪಿಗೇ ನೇರವಾಗಿ ಕೂರಿಸಿದ ಮೋಟರ್. ಮೇಲಿನ ಮನೆಯವರು ಎಳೆದುಕೊಂಡರೆ ಕೊನೇ ಮನೆಗೆ ಬರೀ ಗಾಳಿ. ಪೈಪಿನಲ್ಲಿ ಒತ್ತಡ ಕುಸಿದಾಗ ಒಡಕು ಜಾಗದಿಂದ ಚರಂಡಿ ನೀರೂ ಒಳಗೆ ಬರುತ್ತದೆ. ಮೋಟರ್ ತೆಗೆಸುವುದು ಪುರಸಭೆಯ ಕೆಲಸ. ತೆಗೆಸಲು ಬಿಡದಂತೆ ಫೋನು ಮಾಡಿಸುವವರು ನಿಮ್ಮದೇ ಮತದಾರರು. ನಿಲ್ಲಿ ಎಂದು ಒತ್ತಾಯಿಸುತ್ತಿರುವ ನೆರೆಹೊರೆಯವರ ಮನೆಯಲ್ಲಿ ಎಷ್ಟು ಮೋಟರ್ ಇವೆ, ಈಗಲೇ ಎಣಿಸಿಕೊಳ್ಳಿ.
– ಜಿ.ಎಸ್., ಕೋಲಾರ

*ಚರ್ಚೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಚಿತ್ರದುರ್ಗದ ಪತ್ರವನ್ನೂ ಮಾಜಿ ಸದಸ್ಯೆಯ ಪತ್ರವನ್ನೂ ಶಿಕ್ಷಕಿಗೆ ಮೊದಲೇ ಅಂಚೆಯಲ್ಲಿ ಕಳಿಸಿದ್ದೇವೆ. ಆಕ್ಷೇಪಣೆಯ ಅವಧಿ ನಮ್ಮ ಮುಂದಿನ ಸಂಚಿಕೆಗೆ ಕಾಯುವುದಿಲ್ಲವಲ್ಲ. – ಸಂ.*